ಗೆರೆ ಮುಟ್ಟುವ ಜಾಗ

ಕನ್ನಡದಲ್ಲಿ ನಾವು ಕಾಗದವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಎರಡು ಕೆಲಸಗಳಿಗೂ ಒಂದೇ ಕ್ರಿಯಾಪದವನ್ನು ನಮ್ಮ ಪೂರ್ವಿಕರು ಇರಿಸಿಕೊಂಡದ್ದು, ಅಕ್ಷರವೂ ಆಕೃತಿಯೂ ಮೊದಲಿಗೆ ಒಂದು ಗೆರೆಯಾಗಿಯೇ ಹುಟ್ಟುತ್ತವೆಂಬ ತಿಳಿವಿನಿಂದ ಎಂದು ನನಗೆ ತೋರುತ್ತದೆ. ಆ ಗೆರೆಗೆ ನಾವು ಕೊಟ್ಟಿರುವ ಹೆಸರುಗಳಾದರೂ ಎಷ್ಟು ಬಗೆಯವು! ಮಗು ಸ್ಲೇಟಿನ ಮೇಲೆ ಎಳೆದದ್ದು ಗೀಟು. ಮುಳ್ಳು ಮೈಮೇಲೆ ಬಿಟ್ಟುಹೋದದ್ದು ಗೀರು. ನೇಗಿಲು ಹೊಲದಲ್ಲಿ ತೆರೆದದ್ದು ಸಾಲು, ಪುಸ್ತಕದ ಪುಟದಲ್ಲಿ ಕಣ್ಣು ನಡೆಯುವ ಹಾದಿಯೂ ಸಾಲೇ. ಅಂಗೈಯಲ್ಲಿ ಜೋಯಿಸರು ಅರಸುವುದು ರೇಖೆ. ಆಕಸ್ಮಿಕವಾಗಿ ಮೂಡಿದ ಗೀರೊಂದನ್ನು ಬಿಟ್ಟರೆ, ಇವುಗಳಲ್ಲಿ ಪ್ರತಿಯೊಂದೂ ಮತ್ತಾವುದರದೋ ಊಳಿಗದಲ್ಲಿರುವುದನ್ನು ಕಾಣಬಹುದು: ಸಾಲು ಬೀಜಕ್ಕಾಗಿ, ಗೀಟು ಲೆಕ್ಕಕ್ಕಾಗಿ, ರೇಖೆ ಭವಿಷ್ಯಕ್ಕಾಗಿ. ಯಾರ ಊಳಿಗವನ್ನೂ ಮಾಡದೆ ತಾನೇ ತಾನಾಗಿ ನಿಂತ ಗೆರೆಯೊಂದು ಇರಬಲ್ಲದೆ, ಇದ್ದರೆ ಅದರ ಅರ್ಥವೇನು ಎಂಬ ಪ್ರಶ್ನೆ ನನ್ನ ಬದುಕಿನಲ್ಲಿ ಬಹಳ ತಡವಾಗಿ ಎದ್ದಿತು; ಎದ್ದ ಮೇಲೆ ಅದು ನನ್ನ ದಿನದಿನದ ಸಂತೋಷವಾಗಿ ಉಳಿದುಕೊಂಡಿತು.

ನಾನು ವೃತ್ತಿಯಿಂದ ನಕ್ಷೆಗಾರ. ನೀರಾವರಿ ಕಚೇರಿಯೊಂದರಲ್ಲಿ ಮೂವತ್ತೆರಡು ವರ್ಷ ಕಾಲುವೆ, ತೂಬು, ಕಟ್ಟೆಗಳ ನಕ್ಷೆಗಳನ್ನು ಬರೆದವನು. ಕಂಪ್ಯೂಟರುಗಳು ಬರುವುದಕ್ಕೆ ಮುಂಚಿನ ಆ ದಿನಗಳಲ್ಲಿ ನಮ್ಮ ಲೋಕವೆಲ್ಲ ಓರೆಯಾಗಿ ನಿಲ್ಲಿಸಿದ ಡ್ರಾಯಿಂಗ್ ಬೋರ್ಡು, ಅದರ ಅಂಚಿಗೆ ಅಂಟಿಕೊಂಡು ಜಾರುವ ಟಿ-ಸ್ಕ್ವೇರು, ಎರಡು ಸೆಟ್ ಸ್ಕ್ವೇರುಗಳು, ಮತ್ತು ರೂಲಿಂಗ್ ಪೆನ್ನು. ರೂಲಿಂಗ್ ಪೆನ್ನಿಗೆ ನಿಬ್ಬಿಲ್ಲ. ಚಿಮುಟದಂತೆ ಎದುರುಬದುರಾಗಿ ನಿಂತ ಎರಡು ಉಕ್ಕಿನ ಎಸಳುಗಳು, ಅವುಗಳ ನಡುವಣ ಅಂತರವನ್ನು ಹಿಗ್ಗಿಸಿ ಕುಗ್ಗಿಸುವ ಒಂದು ಪುಟ್ಟ ತಿರುಪು, ಇಷ್ಟೇ. ತಿರುಪನ್ನು ಕೂದಲೆಳೆಯಷ್ಟು ಸಡಿಲಿಸಿದರೆ ಗೆರೆ ದಪ್ಪವಾಗುವುದು. ಎಸಳುಗಳ ನಡುವೆ ಶಾಯಿ ಒಂದು ತೊಟ್ಟು ಹೆಚ್ಚಾದರೆ ಕಾಗದದ ಮೇಲೆ ಇಳಿದು ಹರಡುವುದು, ಕಡಿಮೆಯಾದರೆ ಗೆರೆ ನಡುದಾರಿಯಲ್ಲಿ ಬತ್ತುವುದು. ಪೆನ್ನು ಪಟ್ಟಿಯ ಅಂಚಿಗೆ ತೀರ ಒರಗಿತೆಂದರೆ ಶಾಯಿ ಪಟ್ಟಿಯ ಅಡಿಗೆ ನುಗ್ಗಿ ಅರ್ಧ ದಿನದ ದುಡಿಮೆ ಕಪ್ಪು ಕಲೆಯಾಗುವುದು. ಪೆನ್ಸಿಲಿನಲ್ಲಿ ಎಳೆಯುವಾಗ ಅದನ್ನು ಬೆರಳುಗಳ ನಡುವೆ ಮೆಲ್ಲಗೆ ಉರುಳಿಸುತ್ತ ಹೋಗಬೇಕು. ಇಲ್ಲವಾದರೆ ಮೊನೆ ಒಂದೇ ಮಗ್ಗುಲಿಗೆ ಸವೆದು, ಸಣ್ಣಗೆ ಹೊರಟ ಗೆರೆ ಕೊನೆಗೆ ದಪ್ಪಗೆ ಬಂದು ಮುಟ್ಟುವುದು. ಟ್ರೇಸಿಂಗ್ ಕಾಗದದ ಮೇಲೆ ತಪ್ಪಿದ ಗೆರೆಯನ್ನು ಬ್ಲೇಡಿನಿಂದ ಹಗುರವಾಗಿ ಕೆರೆದು, ಕೆರೆದ ಜಾಗವನ್ನು ಉಗುರಿನಿಂದ ಉಜ್ಜಿ ನಯಮಾಡಿ, ಮತ್ತೆ ಬರೆಯಬೇಕು.

ಕೆಲಸಕ್ಕೆ ಸೇರಿದ ಮೊದಲ ತಿಂಗಳು ನಮ್ಮ ಹಿರಿಯ ಡ್ರಾಫ್ಟ್ಸ್‌ಮನ್ನರು ನನ್ನಿಂದ ಒಂದು ನಕ್ಷೆಯನ್ನೂ ಬರೆಸಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಸಮಾನಾಂತರ ಗೆರೆಗಳನ್ನು ಎಳೆಸಿದರು. ನನ್ನ ಗೆರೆಗಳೆಲ್ಲ ನಡುವಿನಲ್ಲಿ ಒಂದಿಷ್ಟು ಅಳುಕುತ್ತಿದ್ದುದನ್ನು ಕಂಡು, ಒಂದು ಮಧ್ಯಾಹ್ನ ನನ್ನ ಬೆನ್ನ ಹಿಂದೆ ನಿಂತು ಹೇಳಿದರು: “ತಮ್ಮಾ, ಪೆನ್ನಿನ ತುದಿ ನೋಡಬೇಡ. ಗೆರೆ ಎಲ್ಲಿಗೆ ಮುಟ್ಟಬೇಕೋ ಆ ಜಾಗ ನೋಡು. ಕೈ ತಾನಾಗಿ ಅಲ್ಲಿಗೆ ಹೋಗುತ್ತೆ.” ನಾನು ಆ ಜಾಗವನ್ನು ನೋಡಿದೆ, ಕೈ ಹೋಯಿತು. ಅಂದಿನಿಂದ ನಿವೃತ್ತಿಯ ದಿನದವರೆಗೂ ನಾನು ಎಳೆದ ಸಾವಿರ ಸಾವಿರ ಗೆರೆಗಳಲ್ಲಿ ಒಂದೊಂದಕ್ಕೂ ಮುಟ್ಟಬೇಕಾದ ಜಾಗವೊಂದು ಗೊತ್ತಾಗಿರುತ್ತಿತ್ತು: ಇದು ಏರಿಯ ಮೇಲ್ಮಟ್ಟ, ಇದು ನೀರಿನ ಮಟ್ಟ, ಇದು ಕಾಲುವೆಯ ತಳ. ಗೆರೆ ತಾನು ಹೇಳಬೇಕಾದುದನ್ನು ಹೇಳಿ ಸರಿದು ನಿಲ್ಲುತ್ತಿತ್ತು. ಯಾರೂ ಅದನ್ನು ಗೆರೆಯೆಂದು ನೋಡುತ್ತಿರಲಿಲ್ಲ, ನಾನೂ ನೋಡಿರಲಿಲ್ಲ.

2013ರಲ್ಲಿ ಮಗಳ ಮನೆಗೆಂದು ದೆಹಲಿಗೆ ಹೋಗಿದ್ದಾಗ, ಸಾಕೇತದಲ್ಲಿರುವ ಕಿರಣ್ ನಾಡಾರ್ ಕಲಾಸಂಗ್ರಹಾಲಯದಲ್ಲಿ ನಸ್ರೀನ್ ಮೊಹಮೆದಿಯವರ ಚಿತ್ರಗಳ ಪ್ರದರ್ಶನವೊಂದು ನಡೆದಿತ್ತು. “ಅಪ್ಪಾ, ನಿಮ್ಮ ಕೆಲಸದ ಹಾಗೇ ಇದೆ, ಬನ್ನಿ” ಎಂದು ಮಗಳು ಕರೆದೊಯ್ದಳು. ಒಳಗೆ ಕಾಲಿಟ್ಟೊಡನೆ ನನಗಾದ ಅನುಭವವನ್ನು, ಪರದೇಶದ ಸಂತೆಯಲ್ಲಿ ತನ್ನೂರಿನ ಮಾತು ಕಿವಿಗೆ ಬಿದ್ದವನ ಅನುಭವಕ್ಕೆ ಹೋಲಿಸಬಹುದು. ಗೋಡೆಯ ಮೇಲಿದ್ದದ್ದು ನಮ್ಮದೇ ಉಪಕರಣಗಳಿಂದ, ನಮ್ಮದೇ ಶಾಯಿ ಪೆನ್ಸಿಲುಗಳಿಂದ, ನಮ್ಮದೇ ಅಳತೆಯ ಕಾಗದಗಳ ಮೇಲೆ ಎಳೆದ ಗೆರೆಗಳು. ಆದರೆ ಅವುಗಳ ಕೆಳಗೆ ಕಾಲುವೆಯಿರಲಿಲ್ಲ, ಕಟ್ಟೆಯಿರಲಿಲ್ಲ, ಅಳತೆಯ ಅಂಕಿಗಳಿರಲಿಲ್ಲ. ಹೆಸರೂ ಇರಲಿಲ್ಲ, ಏಕೆಂದರೆ ಅವರು ತಮ್ಮ ಚಿತ್ರಗಳಿಗೆ ಶೀರ್ಷಿಕೆಯನ್ನು ಕೊಡುತ್ತಿರಲಿಲ್ಲ. ಬಹುಪಾಲು ಚಿತ್ರಗಳ ಮೇಲೆ ತಾರೀಖನ್ನು ಸಹ ಬರೆದಿರಲಿಲ್ಲ.

ಆ ಮಹನೀಯೆ 1937ರಲ್ಲಿ ಕರಾಚಿಯಲ್ಲಿ ಹುಟ್ಟಿ, ಮುಂಬಯಿಯಲ್ಲಿ ಬೆಳೆದು, 1954ರಿಂದ 1957ರವರೆಗೆ ಲಂಡನ್ನಿನ ಸೇಂಟ್ ಮಾರ್ಟಿನ್ಸ್ ಕಲಾಶಾಲೆಯಲ್ಲಿಯೂ, ಅರವತ್ತರ ದಶಕದ ಮೊದಲಲ್ಲಿ ಪ್ಯಾರಿಸ್ಸಿನಲ್ಲಿಯೂ ಕಲಿತು, ಮುಂಬಯಿಯ ಭೂಲಾಭಾಯಿ ಸಂಸ್ಥೆಯಲ್ಲಿ ವಿ. ಎಸ್. ಗಾಯ್ತೊಂಡೆಯವರಂಥ ಹಿರಿಯರ ಒಡನಾಟವನ್ನು ಪಡೆದು, 1972ರಿಂದ ಬರೋಡದ ಲಲಿತಕಲಾ ವಿಭಾಗದಲ್ಲಿ ಅಧ್ಯಾಪಕಿಯಾಗಿದ್ದು, 1990ರಲ್ಲಿ ಮಹಾರಾಷ್ಟ್ರದ ಕಡಲತಡಿಯ ಕಿಹಿಮ್ ಎಂಬ ಊರಿನಲ್ಲಿ ತೀರಿಕೊಂಡರು. ಸುತ್ತಣ ಕಲಾವಿದರಲ್ಲಿ ಹಲವರು ಮನುಷ್ಯನ ಆಕೃತಿಯನ್ನೂ ಕಥೆಯನ್ನೂ ಚಿತ್ರಕ್ಕೆ ಮರಳಿ ಕರೆತರುತ್ತಿದ್ದ ಕಾಲದಲ್ಲಿ, ಬರೋಡದ ತಮ್ಮ ಕೋಣೆಯಲ್ಲಿ ಅವರು ಒಬ್ಬರೇ ಕುಳಿತು, ಚಿತ್ರದಿಂದ ಒಂದೊಂದನ್ನಾಗಿ ಕಳೆಯುತ್ತ ಬಂದರು. ಮೊದಲು ಬಣ್ಣ ಹೋಯಿತು. ಆಮೇಲೆ ಗಿಡಬಳ್ಳಿಗಳ ನೆನಪನ್ನು ತರುತ್ತಿದ್ದ ಶಾಯಿಯ ತೊಯ್ತ ಹೋಯಿತು. ಎಪ್ಪತ್ತರ ದಶಕದ ಹೊತ್ತಿಗೆ ಉಳಿದದ್ದು ಕಾಗದ ಮತ್ತು ಗೆರೆ.

ನಾನು ಬಹಳ ಹೊತ್ತು ನಿಂತದ್ದು ಅಡ್ಡಗೆರೆಗಳೇ ತುಂಬಿದ್ದ ಒಂದು ಚಿತ್ರದ ಮುಂದೆ. ಮೊದಲ ನೋಟಕ್ಕೆ ಅದು ಕೋಪಿ ಪುಸ್ತಕದ ಹಾಳೆಯಂತೆ ಕಂಡಿತು. ಎರಡನೆಯ ನೋಟಕ್ಕೆ, ಗೆರೆಗಳೆಲ್ಲ ಒಂದೇ ಬಲದವಲ್ಲವೆಂದು ತಿಳಿಯಿತು: ಕೆಲವು ಶಾಯಿಯವು, ನಿಚ್ಚಳ, ಕೆಲವು ಪೆನ್ಸಿಲಿನವು, ಉಸಿರು ತಾಕಿದರೆ ಅಳಿಸಿಹೋಗುವಷ್ಟು ನಸು. ಅಂತರಗಳೂ ಸಮವಾಗಿರಲಿಲ್ಲ, ಒಂದೆಡೆ ಒತ್ತೊತ್ತಾಗಿ ಸೇರಿ ನೆರಳಾಗುತ್ತಿದ್ದವು, ಮತ್ತೊಂದೆಡೆ ಸಡಿಲಗೊಂಡು ಬೆಳಕಿಗೆ ಎಡೆಮಾಡುತ್ತಿದ್ದವು. ನನ್ನ ವೃತ್ತಿಯ ಕಣ್ಣು ತಾನಾಗಿ ತಿರುಪು ಎಲ್ಲೆಲ್ಲಿ ತಿರುಗಿರಬಹುದು, ಶಾಯಿ ಎಲ್ಲಿ ತುಂಬಿಸಿಕೊಂಡಿರಬಹುದು ಎಂದು ಹುಡುಕಿತು, ಸಿಕ್ಕಲಿಲ್ಲ. ಆ ಹುಡುಕಾಟವನ್ನು ಕೈಬಿಟ್ಟು ಒಂದು ಗೆರೆಯನ್ನು ಎಡದಿಂದ ಬಲಕ್ಕೆ, ಅದನ್ನು ಎಳೆದ ಕೈಯ ವೇಗದಲ್ಲಿಯೇ, ಕಣ್ಣಿನಿಂದ ಹಿಂಬಾಲಿಸಿದೆ. ಅದು ಮುಗಿದಾಗ ಮುಂದಿನದನ್ನು. ಹೀಗೆ ಹತ್ತಾರು ಗೆರೆಗಳು ಕಳೆಯುವಷ್ಟರಲ್ಲಿ ನನ್ನ ಉಸಿರು ಅವುಗಳ ಅಂತರಕ್ಕೆ ಹೊಂದಿಕೊಂಡಿತ್ತು. ಗೆರೆಗಳು ಒತ್ತಾಗಿದ್ದಲ್ಲಿ ಉಸಿರು ಮೊಟಕಾಗುತ್ತಿತ್ತು, ಬಿಡುವಿದ್ದಲ್ಲಿ ಎದೆ ತೆರೆಯುತ್ತಿತ್ತು. ಮೂವತ್ತೆರಡು ವರ್ಷ ಗೆರೆಯನ್ನು ಎಳೆದವನು ಗೆರೆಯನ್ನು ಕಂಡದ್ದು ಆ ದಿನ.

ಇವುಗಳ ಅರ್ಥವೇನೆಂದು ಕೇಳುವವರು ಸಾಮಾನ್ಯವಾಗಿ ಕೇಳುವುದು ಇವು ಯಾವುದರ ಚಿತ್ರವೆಂದು. ಅದಕ್ಕೂ ಒಂದು ಬಗೆಯ ಉತ್ತರ ಉಂಟು. ನಸ್ರೀನ್ ಅವರು ಫೋಟೋಗಳನ್ನೂ ತೆಗೆಯುತ್ತಿದ್ದರು. ತಮ್ಮ ಜೀವಿತಕಾಲದಲ್ಲಿ ಪ್ರದರ್ಶಿಸದ ಆ ಕಪ್ಪುಬಿಳುಪಿನ ಚಿತ್ರಗಳಲ್ಲಿ ಕಡಲದಂಡೆಯ ಮರಳಿನ ಮೇಲೆ ಅಲೆ ಬಿಟ್ಟುಹೋದ ಗುರುತುಗಳು, ಫತೇಪುರ್ ಸಿಕ್ರಿಯ ಕಲ್ಲಂಗಳ, ಮಗ್ಗಕ್ಕೆ ಬಿಗಿದ ಹಾಸುನೂಲುಗಳು ಕಾಣುತ್ತವೆ. ಆದುದರಿಂದ ಆ ಅಡ್ಡಗೆರೆಗಳನ್ನು ಕಡಲೆನ್ನಬಹುದು, ಮಗ್ಗವೆನ್ನಬಹುದು. ಆದರೆ ಹಾಗೆಂದೊಡನೆ ಏನೋ ಕೈಜಾರಿದಂತಾಗುತ್ತದೆ. ಆಲಾಪನೆಯನ್ನು ಕೇಳುತ್ತಿರುವವನು ಇದು ಯಾವ ಕೀರ್ತನೆಯ ಮುನ್ನುಡಿಯೆಂದು ಅರಸತೊಡಗಿದರೆ ರಾಗ ಅವನ ಕಿವಿಯಿಂದ ಜಾರಿಹೋಗುವ ಹಾಗೆ. ನಮ್ಮ ಆಲಂಕಾರಿಕರು ವಾಚ್ಯಾರ್ಥದಾಚೆಗೆ ಧ್ವನಿಯೆಂಬುದೊಂದನ್ನು ಗುರುತಿಸಿದರಷ್ಟೆ. ವಾಚ್ಯವನ್ನು ಪೂರ್ತಿಯಾಗಿ ತೆಗೆದುಹಾಕಿ ಧ್ವನಿಯೊಂದನ್ನೇ ಉಳಿಸಿಕೊಳ್ಳುವ ಸಾಹಸ ಈ ಗೆರೆಗಳದು. ಮಗ್ಗದ ಹಾಸಿನಲ್ಲಿ ಹೊಕ್ಕು ಇನ್ನೂ ಸೇರಿಲ್ಲ. ಹೊಕ್ಕಾಗಿ ಸೇರಬೇಕಾದುದು ನೋಡುವವನ ದೃಷ್ಟಿ. ಅದು ಹಾದುಹೋದಾಗಲೇ ಬಟ್ಟೆ ಹುಟ್ಟುವುದು.

ಇದೇ ಹಾದಿಯನ್ನು ದೂರದ ಅಮೆರಿಕದಲ್ಲಿ ತುಳಿದ ಮತ್ತೊಬ್ಬ ಹೆಣ್ಣುಮಗಳನ್ನು ನಾನು ಆಮೇಲೆ ಪುಸ್ತಕಗಳ ಮೂಲಕ ಬಲ್ಲವನಾದೆ. ಆಗ್ನೆಸ್ ಮಾರ್ಟಿನ್ ಹುಟ್ಟಿದ್ದು 1912ರಲ್ಲಿ, ಕೆನಡಾದ ಸಸ್ಕಾಚೆವಾನ್ ಪ್ರಾಂತದ ಬಯಲುಸೀಮೆಯಲ್ಲಿ. ಆರಡಿಗೆ ಆರಡಿಯ ಕ್ಯಾನ್ವಾಸಿಗೆ ತೆಳುವಾದ ಬಣ್ಣ ಬಳಿದು, ಅದರ ಮೇಲೆ ಪೆನ್ಸಿಲಿನಿಂದ ಚೌಕುಳಿಯನ್ನೋ ಅಡ್ಡಗೆರೆಗಳನ್ನೋ ಎಳೆಯುವುದು ಅವರ ಪದ್ಧತಿ. 1964ರ ‘ಮರ’ ಎಂಬ ಚಿತ್ರದಲ್ಲಿ ಕೊಂಬೆಯಿಲ್ಲ, ಎಲೆಯಿಲ್ಲ, ಇರುವುದು ಚೌಕುಳಿ. ಮರಗಳ ಮುಗ್ಧತೆಯನ್ನು ನೆನೆಯುತ್ತಿದ್ದಾಗ ಮನಸ್ಸಿಗೆ ಬಂದದ್ದು ಆ ಚೌಕುಳಿಯೇ ಎಂದು ಅವರು ಹೇಳಿದ್ದುಂಟು. 1967ರಲ್ಲಿ ನ್ಯೂಯಾರ್ಕನ್ನೂ ಕುಂಚವನ್ನೂ ಒಟ್ಟಿಗೆ ಬಿಟ್ಟು ಹೊರಟು, ನ್ಯೂ ಮೆಕ್ಸಿಕೋದ ನಿರ್ಜನ ಪ್ರದೇಶದಲ್ಲಿ ನೆಲೆಸಿ, ಹಲವು ವರ್ಷಗಳ ಮೌನದ ಬಳಿಕ ಮತ್ತೆ ಗೆರೆ ಎಳೆಯತೊಡಗಿ, ಮುಪ್ಪಿನಲ್ಲಿ ಆರಡಿಯ ಕ್ಯಾನ್ವಾಸನ್ನು ಎತ್ತಾಡಿಸುವುದು ಆಗದಾದಾಗ ಐದಡಿಗೆ ಇಳಿಸಿಕೊಂಡು, 2004ರಲ್ಲಿ ತೊಂಬತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಅದನ್ನು ಕೈಬಿಡಲಿಲ್ಲ. ಅವರ ಗೆರೆ ನಸ್ರೀನ್ ಅವರದಕ್ಕಿಂತ ಬೇರೆ: ಪೆನ್ಸಿಲು ಕ್ಯಾನ್ವಾಸಿನ ನೇಯ್ಗೆಯ ಮೇಲೆ ಎಡವುತ್ತ ಹೋದುದು ಅದರಲ್ಲಿ ಕಾಣುತ್ತದೆ, ಎಳೆದ ಕೈ ತನ್ನ ಇರವನ್ನು ಮರೆಮಾಡುವುದಿಲ್ಲ.

ಗೆರೆಯನ್ನು ನೋಡುವ ಬಗೆಯನ್ನು ತಿಳಿದ ಮೇಲೆ ನಾನು ನಮ್ಮವರೇ ಆದ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರ ರೇಖಾಚಿತ್ರಗಳಿಗೆ ಮರಳಿದೆ. ಉಡುಪಿಯ ಸೀಮೆಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಬಾಳಿದ ಹೆಬ್ಬಾರರು, ಲಯವನ್ನು ಮೈಯಿಂದಲೇ ಅರಿಯಬೇಕೆಂದು ಕಥಕ್ ನೃತ್ಯವನ್ನು ಕಲಿತವರು. ಕೈಯೆತ್ತದೆ ಎಳೆದಂತಿರುವ ಅವರ ಕೆಲವೇ ಗೆರೆಗಳಲ್ಲಿ ನರ್ತಕಿಯ ಸುತ್ತು, ಲಂಗದ ಬೀಸು, ಗೆಜ್ಜೆಯ ಕಾಲು ಎಲ್ಲವೂ ಇರುತ್ತವೆ. ಮೊದಲು ನಾನು ಅಲ್ಲಿ ನರ್ತಕಿಯನ್ನಷ್ಟೇ ನೋಡುತ್ತಿದ್ದೆ. ಈಗ ನರ್ತಕಿಯನ್ನು ಮನಸ್ಸಿನಲ್ಲಿ ಅಳಿಸಿ ಗೆರೆಯನ್ನಷ್ಟೇ ಹಿಂಬಾಲಿಸಿದರೂ ನೃತ್ಯ ನಿಲ್ಲುವುದಿಲ್ಲವೆಂಬುದು ಗೋಚರವಾಯಿತು. ಹೆಬ್ಬಾರರು ನರ್ತಕಿಯಿಂದ ಲಯಕ್ಕೆ ಬಂದರು. ನಸ್ರೀನ್ ಅವರು ನರ್ತಕಿಯನ್ನು ಬೀಳ್ಕೊಟ್ಟು ಲಯದ ಜೊತೆಗೇ ಉಳಿದರು.

ಆ ದಿನ ಸಾಕೇತದಲ್ಲಿ ನನ್ನನ್ನು ಹೆಚ್ಚು ಕಲಕಿದ್ದು ಕೊನೆಯ ವರ್ಷಗಳ ಚಿತ್ರಗಳು. ಅಲ್ಲಿ ಚೌಕುಳಿ ಒಡೆದುಹೋಗಿದೆ. ವಿಸ್ತಾರವಾದ ಬಿಳಿಯ ನಡುವೆ ಕೆಲವೇ ಓರೆಗೆರೆಗಳು, ಒಂದು ಕಮಾನು, ತೇಲುತ್ತಿರುವಂಥ ಒಂದು ವೃತ್ತ. ಅವರಿಗೆ ಅಂಗಾಂಗಗಳ ಚಲನೆಯ ಮೇಲಿನ ಹಿಡಿತವನ್ನು ಕ್ರಮೇಣ ಕಸಿದುಕೊಳ್ಳುವ ನರರೋಗವಿದ್ದಿತು. ಆ ವರ್ಷಗಳಲ್ಲಿ ಅದು ಬಲಿಯುತ್ತಿದ್ದಿತು. ಕಂಪಿಸುವ ಕೈಯಿಂದ ರೂಲಿಂಗ್ ಪೆನ್ನನ್ನು ಹಿಡಿಯುವುದೆಂದರೆ ಏನೆಂದು ನಮ್ಮ ವೃತ್ತಿಯವರು ಬಲ್ಲರು. ಹಾಗಿದ್ದೂ ಆ ಗೆರೆಗಳು ಎಳೆದು ಬಿಗಿದ ತಂತಿಯಂತೆ ನೇರವಾಗಿವೆ. ಒಂದು ಗೆರೆಯನ್ನು ನೇರವಾಗಿ ಎಳೆಯುವುದಕ್ಕೆ ಒಬ್ಬ ಮನುಷ್ಯ ತನ್ನ ಸಮಸ್ತವನ್ನೂ ಒಗ್ಗೂಡಿಸಬೇಕಾಗಿ ಬಂದಾಗ, ಆ ಗೆರೆಗೆ ಬೇರೆ ಅರ್ಥವನ್ನು ಹೊರಗಿನಿಂದ ತಂದು ತೊಡಿಸುವ ಅಗತ್ಯವಿಲ್ಲ.

ಈಗ ನನಗೂ ಕೈ ಸಣ್ಣಗೆ ನಡುಗುತ್ತದೆ. ಅದು ವಯಸ್ಸಿನ ನಡುಕ, ಅಷ್ಟೇ. ಬೆಳಗ್ಗೆ ಕಾಫಿಯಾದ ಮೇಲೆ ಹಳೆಯ ಬೋರ್ಡನ್ನು ಕಿಟಕಿಯ ಬಳಿ ಇಟ್ಟುಕೊಂಡು ಇಪ್ಪತ್ತು ಗೆರೆಗಳನ್ನು ಎಳೆಯುತ್ತೇನೆ. ಕೆಲವು ನೇರವಾಗಿ ಬರುತ್ತವೆ. ಕೆಲವು, ಹಾದಿಯಲ್ಲಿ ಬಂಡಿಯ ಸದ್ದಾದಾಗ, ಅಲ್ಲಿಯೇ ಒಂದು ಸಣ್ಣ ಕೊಂಕನ್ನು ಹೊತ್ತು ಮುಂದಕ್ಕೆ ಹೋಗುತ್ತವೆ. ಅವನ್ನು ನಾನು ಕೆರೆದು ತೆಗೆಯುವುದಿಲ್ಲ. ಎಳೆಯುವಾಗ ನಮ್ಮ ಹಿರಿಯರ ಮಾತು ಪ್ರತಿದಿನವೂ ನೆನಪಾಗುತ್ತದೆ, ಜೊತೆಗೆ ಆ ಕೊನೆಯ ಚಿತ್ರಗಳಲ್ಲಿ ಕಂಡ ಒಂದು ಓರೆಗೆರೆಯೂ. ಅದು ಕೆಳಗಿನ ಮೂಲೆಯ ಕಡೆಯಿಂದ ಹೊರಟು, ಮೇಲೇರುತ್ತ ತೆಳುವಾಗುತ್ತ, ಕಾಗದದ ಅಂಚಿನ ಬಳಿ ಇನ್ನೂ ಮುಗಿಯದೆಯೇ ಕಣ್ಣಿಗೆ ಕಾಣದಾಗುತ್ತದೆ. ಆ ಗೆರೆ ಮುಟ್ಟಬೇಕಾದ ಜಾಗ ಕಾಗದದ ಮೇಲೆ ಇಲ್ಲ. ಅದನ್ನು ಎಳೆದ ಆ ಮಹನೀಯೆ ಪೆನ್ನಿನ ತುದಿಯನ್ನು ನೋಡಲಿಲ್ಲ. ಆ ಜಾಗವನ್ನು ನೋಡುತ್ತಿದ್ದರು, ಕೈ ತಾನಾಗಿ ಅಲ್ಲಿಗೆ ಹೋಯಿತು.