ಗೋಡೆಯ ಮೇಲಣ ಭಾವಚಿತ್ರ

ನಮ್ಮ ಕೊನೆಯ ತರಗತಿಯ ಭಾವಚಿತ್ರವು ಕಾರವಾರದ ನಮ್ಮ ಮನೆಯ ಪಡಸಾಲೆಯಲ್ಲಿ ಬಹುಕಾಲ ತೂಗುತ್ತಿದ್ದಿತು. ಅದರ ಎಡತುದಿಯಲ್ಲಿ ನಿಂತ ಸಹಪಾಠಿನಿಯು ಈಗ ಕರ್ತನಲ್ಲಿ ನಿದ್ರಿಸುತ್ತಿದ್ದಾಳೆ. ಅಂಕೋಲೆಯಲ್ಲಿರುವ ಆಕೆಯ ತಾಯಿಯವರಲ್ಲಿ ಆಕೆಯ ಬೇರೊಂದು ಚಿತ್ರವಿಲ್ಲ. ಪ್ರತಿಯೊಂದನ್ನು ಮಾಡಿಸಿಕೊಡಬೇಕೆಂದು ಅವರು ಹೇಳಿ ಕಳುಹಿಸಲಾಗಿ, ನಾವು ಕಟ್ಟನ್ನು ಬಿಚ್ಚಿದೆವು. ಚಿತ್ರವು ಗಾಜಿಗೆ ಅಂಟಿದ್ದಿತು. ಅವಸರದಿಂದ ಎಳೆದೆವು, ಆ ಮುಖವು ಗಾಜಿನಲ್ಲಿಯೇ ಉಳಿದು ಹರಿದುಹೋಯಿತು.

ನೂರು ಅಂಗುಲಕ್ಕೂ ಮೀರಿ ಮಳೆ ಬೀಳುವ ಈ ಕರಾವಳಿಯಲ್ಲಿ ಇದು ಆಶ್ಚರ್ಯವಲ್ಲ. ಹಳೆಯ ಕಪ್ಪುಬಿಳುಪು ಚಿತ್ರದ ಮೈಮೇಲೆ ಜೆಲಟಿನ್ ಲೇಪವಿರುತ್ತದೆ. ತೇವ ತಾಗಿದೊಡನೆ ಅದು ಉಬ್ಬಿ ಗಾಜನ್ನು ಹಿಡಿಯುತ್ತದೆ. ಹಾಗೆ ಹಿಡಿದುದನ್ನು ಎಳೆಯದೆ, ಗಾಜಿನ ಮೇಲಿನಿಂದಲೇ ಪ್ರತಿ ತೆಗೆಯಬೇಕಾಗಿದ್ದಿತೆಂದು ನಮಗೆ ತಿಳಿದದ್ದು ತಡವಾಗಿ.

ದೇವರ ದಯೆಯಿಂದ ಅಂಕೋಲೆಯ ಮತ್ತೊಬ್ಬ ಗೆಳತಿಯಲ್ಲಿ ಅದೇ ಚಿತ್ರವಿದ್ದಿತು. ಅಂಟು ಹಚ್ಚದೆ, ನಾಲ್ಕು ಮೂಲೆಗಳನ್ನು ಕಾಗದದ ಮಡಿಕೆಗಳಲ್ಲಿ ಸಿಕ್ಕಿಸಿ, ಆಲ್ಬಮ್ಮಿನಲ್ಲಿ ಇಟ್ಟಿದ್ದಳು. ಗೋಡೆಗೆ ಹಾಕದೆ ಪೆಟ್ಟಿಗೆಯಲ್ಲಿ ಬಚ್ಚಿಟ್ಟವಳೆಂದು ನಾವು ಅವಳನ್ನು ನಕ್ಕದ್ದುಂಟು!

ಅದರಿಂದ ಸ್ಕ್ಯಾನರ್ ಯಂತ್ರದಲ್ಲಿ ಪ್ರತಿ ತೆಗೆಸಿ, ಕಾಗದವನ್ನು ಆರಿಸಹೋದೆವು. ಹೊಳಪಿನ ಕಾಗದದಲ್ಲಿ ಮುಖಗಳು ಕಣ್ಣಿಗೆ ಕಟ್ಟುವಂತೆ ಕಂಡವು. ಆದರೆ ಕಡಲ ಕಡೆಯ ಕಿಟಕಿಯ ಎದುರಿಗೆ ಹಿಡಿದರೆ ಕಿಟಕಿಯೇ ಕಾಣುತ್ತಿತ್ತು, ಮುಖಗಳಲ್ಲ. ಕಡೆಗೆ ಹತ್ತಿಯ ನಾರಿನ ಮಂದ ಕಾಗದವನ್ನೂ ಬೇಗನೆ ಮಾಸದ ಪಿಗ್ಮೆಂಟ್ ಶಾಯಿಯನ್ನೂ ಒಪ್ಪಿದೆವು. ಬೆಲೆ ಹೆಚ್ಚೇ ಸರಿ.

ಕಟ್ಟು ಹಾಕುವಲ್ಲಿ ಮತ್ತೊಂದು ತೊಡಕು. ಗಾಜಿಗೂ ಚಿತ್ರಕ್ಕೂ ಎಡೆಯಿರಲೆಂದು ನಡುವೆ ಕಿಂಡಿ ಕೊರೆದ, ಆಮ್ಲವಿಲ್ಲದ ದಪ್ಪ ರಟ್ಟನ್ನು ಇಡಬೇಕು. ಕೆಲಸದವರು ವಾಡಿಕೆಯ ಅಳತೆಯಲ್ಲಿ ಕಿಂಡಿ ಕೊರೆದಿದ್ದರು; ಎಡತುದಿಯ ಹುಡುಗಿಯು ಅರ್ಧ ರಟ್ಟಿನ ಕೆಳಗೆ ಅಡಗಿದಳು! ಯಾರಿಗಾಗಿ ಇಷ್ಟೆಲ್ಲ ಮಾಡಿದೆವೋ ಅವಳನ್ನೇ ಮರೆಮಾಡುವುದೆಂತು? ಬೇರೆ ರಟ್ಟು ಕೊರೆಯಿಸಿದೆವು. ಚಿತ್ರವನ್ನು ಗೆಳತಿಯ ರೀತಿಯಲ್ಲಿಯೇ ಮೂಲೆಗಳಲ್ಲಿ ಸಿಕ್ಕಿಸಿದೆವು, ಏಕೆಂದರೆ ಮೈದಾ ಸರಿಯ ಅಂಟು ಹುಳುಗಳಿಗೆ ಔತಣ. ಗೋಡೆಯ ತೇವ ತಾಗದಂತೆ ಕಟ್ಟಿನ ಹಿಂದೆ ಬೆಂಡಿನ ಚೂರುಗಳನ್ನು ಅಂಟಿಸಿ, ಮಳೆ ಬಡಿಯದ ಒಳಗೋಡೆಯಲ್ಲಿ ತೂಗಹಾಕಿದೆವು.

ಎರಡನೆಯ ಪ್ರತಿಯನ್ನು ಆ ತಾಯಿಯವರಿಗೆ ಒಯ್ದೆವು. ಅವರು ಕಿಟಕಿಯ ಬಳಿ ಹಿಡಿದು ಬಹಳ ಹೊತ್ತು ನೋಡಿ, “ಈ ರಿಬ್ಬನ್ನು ಆ ದಿವಸ ನಾನೇ ಕಟ್ಟಿದ್ದೆ, ಮಗಾ,” ಎಂದರು.