ನಕ್ಕವಳು ಯಾರು?

ಕಾದಂಬರಿ ಚಿತ್ರಪಟವಾಗುವುದು ನಮಗೆ ಹೊಸದಲ್ಲ. ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ 1985ರಲ್ಲಿ ಕನ್ನಡದ ಬೆಳ್ಳಿತೆರೆಗೂ ಬಂತು. ಚಿತ್ರಪಟವೇ ಕಾದಂಬರಿಯಾಗುವುದು ಮಾತ್ರ ನಮ್ಮಲ್ಲಿ ಅಪರೂಪ. ಪಶ್ಚಿಮದಲ್ಲಿ ಅದೂ ಉಂಟು. 1976ರ ‘ದಿ ಓಮೆನ್’ ಎಂಬ ಭಯಾನಕ ಚಿತ್ರದ ಕಥೆ ಬರೆದ ಡೇವಿಡ್ ಸೆಲ್ಟ್ಜರನೇ ಅದನ್ನು ಕಾದಂಬರಿಯಾಗಿಯೂ ಬರೆದ.

ಇದೇನು ಮಹಾ ಕಷ್ಟವೆಂದು, ಕಡೂರಿನಲ್ಲಿ ನಾನು ಪಾಠ ಹೇಳುವ ತರಗತಿಗೆ ಒಂದು ಅಭ್ಯಾಸ ಕೊಟ್ಟೆ: 2004ರ ‘ಆಪ್ತಮಿತ್ರ’ದಲ್ಲಿ ಗಂಗಾ ನಾಗವಲ್ಲಿಯಾಗುವ ಘಟ್ಟವನ್ನು ಗದ್ಯದಲ್ಲಿ ಬರೆಯಿರಿ. ತರೀಕೆರೆ, ಅಜ್ಜಂಪುರಗಳಿಂದ ಬರುವ ಮಕ್ಕಳು ಹುರುಪಿನಿಂದ ಬರೆದರು. ಗೆಜ್ಜೆ ಝಲ್ಲೆಂದಿತು, ಬಾಗಿಲು ಕಿರ್ರೆಂದಿತು, ನಾಯಿ ಊಳಿಟ್ಟಿತು. ಹೆದರಿಕೆಯೊಂದು ಹುಟ್ಟಲಿಲ್ಲ. ಚಿತ್ರಮಂದಿರದ ಕತ್ತಲಲ್ಲಿ ಗೆಜ್ಜೆಯ ಸದ್ದು ನಮ್ಮನ್ನು ಕೇಳದೆಯೇ ಬಂದೆರಗುತ್ತದೆ. ಪುಸ್ತಕದಲ್ಲಿ ಅದು ಓದುಗನ ಅಪ್ಪಣೆಗೆ ಕಾಯಬೇಕು. ಬೇಡವೆನಿಸಿದರೆ ಅವನು ಪುಟ ಮಡಿಸಿಟ್ಟು ಕಾಫಿ ಕುಡಿಯಬಹುದು!

ಅದಕ್ಕಿಂತ ದೊಡ್ಡ ತೊಡಕು ವ್ಯಾಕರಣದ್ದು. ತೆರೆಯ ಮೇಲೆ ಸೌಂದರ್ಯ ಅವರ ಒಂದೇ ಮುಖದಲ್ಲಿ ಇಬ್ಬರು ಹೆಂಗಸರು ಕಾಣುತ್ತಾರೆ. ಬರೆಯುವವನಿಗೆ ಆ ಅನುಕೂಲವಿಲ್ಲ. ‘ಗಂಗಾ ನಕ್ಕಳು’ ಎಂದರೆ ದೆವ್ವ ಓಡಿಹೋಯಿತು. ‘ನಾಗವಲ್ಲಿ ನಕ್ಕಳು’ ಎಂದರೆ ಗಂಗಾ ಇಲ್ಲವೇ ಆದಳು. ಅಜ್ಜಂಪುರದ ಕಡೆಯ ಒಬ್ಬ ಹುಡುಗಿ ಮಾತ್ರ ಬರಿದೇ ‘ನಕ್ಕಳು’ ಎಂದು ಬರೆದಿದ್ದಳು. ಕರ್ತೃಪದವಿಲ್ಲ, ಆದರೂ ಕನ್ನಡದ ವಾಕ್ಯ ಕುಂಟಲಿಲ್ಲ. ನಕ್ಕವಳು ಯಾರು? ಓದಿದ ನನಗೆ ಮೈ ಜುಮ್ಮೆಂದಿತು.

ಹೆಸರನ್ನೇಕೆ ಬಿಟ್ಟೆಯಮ್ಮಾ ಎಂದು ಕೇಳಿದೆ. “ನಮ್ಮ ಬೀದಿಯಲ್ಲಿ ಒಬ್ಬಾಕೆಗೆ ಗಾಳಿ ಸೋಕಿದೆ ಅಂದರು ಸಾರ್. ಆಮೇಲೆ ಅವಳನ್ನು ಯಾರೂ ಹೆಸರು ಹಿಡಿದು ಕರೆಯಲಿಲ್ಲ” ಎಂದಳು.

ಊರಿನ ಹೆಸರನ್ನು ತಮ್ಮ ಹೆಸರಿನೊಡನೆ ಹೊತ್ತ ಅಜ್ಜಂಪುರ ಸೀತಾರಾಮರು, ಎಂದರೆ ನಮ್ಮ ‘ಆನಂದ’ರು, ‘ನಾನು ಕೊಂದ ಹುಡುಗಿ’ ಕಥೆಯಲ್ಲಿ ದೆವ್ವವನ್ನು ಕರೆತರಲಿಲ್ಲ. ಆದರೂ ಅದನ್ನು ಓದಿದವರಿಗೆ ನಿದ್ದೆ ಸುಲಭವಲ್ಲ. ಆ ‘ನಾನು’ ಓದುಗನಿಗೇ ಅಂಟಿಕೊಳ್ಳುತ್ತದೆ. ಗದ್ಯದ ಭಯ ಬರುವುದು ಈ ಬಾಗಿಲಿನಿಂದ ಎಂದು ನನಗೆ ತೋರುತ್ತದೆ.

ಚಿತ್ರದಲ್ಲಿ ಡಾಕ್ಟರ್ ವಿಜಯ್ ಗಂಗಾಳನ್ನು ಗುಣಪಡಿಸುತ್ತಾನೆ. ದೀಪ ಹತ್ತುತ್ತದೆ, ನಾವು ಎದ್ದು ಮನೆಗೆ ಹೋಗುತ್ತೇವೆ. ಕಾದಂಬರಿಕಾರ ಹಾಗೆ ಎದ್ದು ಹೋಗುವಂತಿಲ್ಲ. ಮರುದಿನ ಅವಳು ನೀರಿಗೆಂದು ಬೀದಿಗಿಳಿದಾಗ ನಾವು ಅವಳನ್ನು ಏನೆಂದು ಕರೆದೆವು ಎಂಬುದನ್ನೂ ಅವನು ಬರೆಯಬೇಕು.