ಹುಣಸೆ ಬೀಜ ಮತ್ತು ಬಟ್ಟೆಯ ಬೆಕ್ಕು

ನಮ್ಮ ಬೋಧನಾಭ್ಯಾಸದ ಅವಲೋಕನ ನಮೂನೆಯಲ್ಲಿ ‘ಸಂಖ್ಯೆಯ ಸಂರಕ್ಷಣೆ: ಇದೆ / ಇಲ್ಲ’ ಎಂಬ ಒಂದು ಕಲಂ ಇದೆ. ಎರಡು ಸಾಲುಗಳಲ್ಲಿ ಸಮನಾಗಿ ವಸ್ತುಗಳನ್ನಿಟ್ಟು, ಒಂದು ಸಾಲನ್ನು ಅಗಲಿಸಿ, ‘ಯಾವುದರಲ್ಲಿ ಹೆಚ್ಚಿವೆ?’ ಎಂದು ಕೇಳುವ ಪಿಯಾಜೆಯ ಪ್ರಯೋಗ ನಮಗೆಲ್ಲ ಬಾಯಿಪಾಠ. ಕಾರ್ಯಪೂರ್ವ ಹಂತದ, ಅಂದರೆ ಸುಮಾರು 2ರಿಂದ 7 ವರ್ಷದ ಮಗು, ಉದ್ದವಾಗಿ ಕಂಡ ಸಾಲಿನಲ್ಲೇ ಹೆಚ್ಚಿವೆ ಎನ್ನುತ್ತದೆ. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಅಂಕ ಸಿಗುತ್ತದೆ. ಅಂಗನವಾಡಿಯಲ್ಲಿ ಕೂತು ‘ಇಲ್ಲ’ ಎಂದು ಗುರುತು ಹಾಕುವ ಮುಂಚೆ ಇನ್ನೂ ಕೆಲವನ್ನು ವಿಚಾರಿಸಬೇಕು ಎಂಬುದು ಈ ಸಲ ಮೂರು ತಾಲ್ಲೂಕು ಸುತ್ತಿದ ಮೇಲೆ ನನ್ನ ಅಭಿಪ್ರಾಯ.

ಮೊದಲು ಹೋದದ್ದು ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪೊಂದಕ್ಕೆ. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದವರಿಗೆ ನೆಲೆ ಕೊಟ್ಟ ಜಾಗಗಳಿವು, ಮನೆಮಾತು ಬಂಗಾಳಿ. ಐದು ವರ್ಷದ ಹುಡುಗಿಯೊಬ್ಬಳ ಮುಂದೆ ಆರಾರು ಹುಣಸೆ ಬೀಜಗಳ ಎರಡು ಸಾಲು ಜೋಡಿಸಿದೆ. ಕನ್ನಡದಲ್ಲಿ ಕೇಳಿದಾಗ ಅವಳು ಬೀಜಗಳನ್ನು ಬಿಟ್ಟು ನನ್ನ ಮುಖ ನೋಡಿದಳು. ಕರೆದೊಯ್ಯಲು ಬಂದ ತಾಯಿ ಬಾಗಿಲಲ್ಲೇ ನಿಂತು, “ಈಕಿಗೆ ತಿಳಿಯಂಗಿಲ್ಲೇನ್ರಿ ಟೀಚರ್? ಒಂದನೇತ್ತಿಗೆ ಹಚ್ಚಬೇಕೋ ಬ್ಯಾಡೋ?” ಎಂದರು. ನಮ್ಮ ಒಂದು ಗುರುತು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದು ಆ ಪ್ರಶ್ನೆಯಲ್ಲಿತ್ತು. ಕಲಂ ಖಾಲಿ ಬಿಟ್ಟು, ಬಂಗಾಳಿಯಲ್ಲಿ ನೀವೇ ಕೇಳಿ ಎಂದು ಅವರಿಗೆ ಹೇಳಿದೆ. ಹುಡುಗಿ ತಟ್ಟನೆ ಉದ್ದ ಸಾಲಿನ ಮೇಲೆ ಕೈಯಿಟ್ಟಳು. ಪಿಯಾಜೆ ಹೇಳಿದ ಉತ್ತರವೇ. ಆದರೆ ಮೊದಲಿನ ಮೌನಕ್ಕೆ ಕಾರಣ ನನ್ನ ಕನ್ನಡ; ಈ ಉತ್ತರಕ್ಕೆ ಕಾರಣ ಅವಳ ವಯಸ್ಸು. ಈ ವಯಸ್ಸಿನ ಬಹಳ ಮಕ್ಕಳು ಹೀಗೇ ಹೇಳುತ್ತಾರೆ, ಶಾಲೆಗೆ ಹಚ್ಚಲು ಇದು ಅಡ್ಡಿಯಲ್ಲ ಎಂದು ತಾಯಿಗೆ ತಿಳಿಸಿದೆ.

ಲಿಂಗಸುಗೂರು ತಾಲ್ಲೂಕಿನ ತಾಂಡಾದಲ್ಲಿ ಆ ತೊಡಕು ಇರಲಿಲ್ಲ. ಕಾರ್ಯಕರ್ತೆ ಲಂಬಾಣಿಯವರೇ, ಪ್ರಶ್ನೆಗಳನ್ನೆಲ್ಲ ಮನೆಮಾತಿನಲ್ಲಿ ಅವರೇ ಕೇಳಿದರು. ಆದರೂ ನಾಲ್ಕು ಮಕ್ಕಳೂ ಉದ್ದ ಸಾಲನ್ನೇ ತೋರಿಸಿದರು. ಆಗ ನೆನಪಾದದ್ದು ಎಡಿನ್‌ಬರೋದ ಮಾರ್ಗರೆಟ್ ಡೊನಾಲ್ಡ್‌ಸನ್ ಮತ್ತು ಜೇಮ್ಸ್ ಮೆಕ್‌ಗ್ಯಾರಿಗಲ್ 1970ರ ದಶಕದಲ್ಲಿ ನಡೆಸಿದ ಪ್ರಯೋಗ. ಸಾಲನ್ನು ದೊಡ್ಡವರು ಸರಿಸುವ ಬದಲು ತುಂಟ ಆಟಿಕೆ ಕರಡಿಯೊಂದು ಬಂದು ಕೆಡಿಸಿದಾಗ, 4ರಿಂದ 6 ವರ್ಷದ ಮಕ್ಕಳಲ್ಲಿ ‘ಎರಡೂ ಸಮ’ ಎನ್ನುವವರು ಬಹಳ ಹೆಚ್ಚಾದರು. ದೊಡ್ಡವರು ಬೇಕೆಂದೇ ಸರಿಸಿ, ಕೇಳಿದ್ದನ್ನೇ ಮತ್ತೆ ಕೇಳಿದರೆ, ಉತ್ತರ ಬದಲಾಯಿಸಬೇಕೇನೋ ಎಂದು ಮಗು ಊಹಿಸುತ್ತದೆ ಎಂಬ ವಿವರಣೆ ಇದರಿಂದ ಬಂತು. ನಮ್ಮ ತರಗತಿಗಳನ್ನೇ ನೋಡಿ: ಉತ್ತರ ತಪ್ಪಾದಾಗಲೇ ಅಲ್ಲವೇ ನಾವು ಎರಡನೇ ಸಲ ಕೇಳುವುದು?

ಕಥೆ ಹೇಳಲೆಂದು ಒಯ್ದಿದ್ದ ಬಟ್ಟೆಯ ಬೆಕ್ಕು ಚೀಲದಲ್ಲಿತ್ತು. ಮರುದಿನ ಅದು ಇಲಿ ಹುಡುಕುತ್ತ ಬಂದು ಒಂದು ಸಾಲನ್ನು ಎಳೆದಾಡಿತು. ಮಕ್ಕಳು ಕೂಗಾಡಿ ಅದನ್ನು ಓಡಿಸಿದರು. ಈಗ ಕೇಳಿದಾಗ ಇಬ್ಬರು ಸಮ ಎಂದರು. ಅವರಲ್ಲೊಬ್ಬ ಬೆರಳಿಟ್ಟು ಎಣಿಸಿಯೂ ತೋರಿಸಿದ. ಇನ್ನಿಬ್ಬರು ಉದ್ದ ಸಾಲನ್ನು ಬಿಡಲಿಲ್ಲ. ಎರಡನೇ ದಿನದ ಅಭ್ಯಾಸಬಲವೂ ಇದ್ದೀತು. ನಾಲ್ಕು ಮಕ್ಕಳಿಂದ ಯಾವ ಸಿದ್ಧಾಂತವೂ ಬೀಳುವುದಿಲ್ಲ. ಇಬ್ಬರ ಹೆಸರಿನ ಮುಂದೆ ‘ಇಲ್ಲ’ ಎಂದು ಬೀಳುವುದು ಮಾತ್ರ ತಪ್ಪಿತು.

ಮಸ್ಕಿಯಲ್ಲಿ ಹೆಚ್ಚು ಹೊತ್ತು ಸಿಗಲಿಲ್ಲ. ಪೋಷಣ್ ಟ್ರ್ಯಾಕರ್ ತುಂಬುವುದರಲ್ಲೇ ಕಾರ್ಯಕರ್ತೆಯ ಮುಂಜಾನೆ ಕಳೆದಿತ್ತು. ಇಂಥವರ ಮೇಲೆ ಇನ್ನೊಂದು ನಮೂನೆ ಹೇರುವುದು ನ್ಯಾಯವಲ್ಲ. ಬೆಕ್ಕಿಲ್ಲದೆ, ಕೈಯಿಂದಲೇ ಸರಿಸಿ ಕೇಳಿದೆ. ಒಬ್ಬ ಹುಡುಗಿ, “ಆಗ್ಲೇ ಹೇಳಿದ್ನೆಲ್ರೀ, ಮತ್ಯಾಕ ಕೇಳ್ತೀರಿ?” ಎಂದಳು.

ವರದಿಯಲ್ಲಿ ಆ ಕಲಮಿನ ಪಕ್ಕ ಪೆನ್ಸಿಲ್‌ನಿಂದ ಮೂರು ಮಾತು ಸೇರಿಸಿದ್ದೇನೆ: ಯಾವ ಭಾಷೆಯಲ್ಲಿ ಕೇಳಿದ್ದು, ಯಾರು ಕೇಳಿದ್ದು, ಸಾಲನ್ನು ಸರಿಸಿದ್ದು ಯಾರು. ಮಾರ್ಗದರ್ಶಕರು ಒಪ್ಪಿದರೆ ಮುಂದಿನ ವರ್ಷ ಅಚ್ಚಿನಲ್ಲೇ ಬರಲಿ. ಬೆಕ್ಕು ಬೋಧನೋಪಕರಣಗಳ ಕಪಾಟಿನಲ್ಲಿದೆ. ತಾಂಡಾದ ಮಕ್ಕಳ ಕೈಗೆ ಸಿಕ್ಕು ಒಂದು ಕಣ್ಣು ಕಿತ್ತಿದೆ. ಒಯ್ಯುವವರು ಒಂದು ಗುಂಡಿ ಹೊಲಿದುಕೊಳ್ಳಬೇಕು.